ಮುನ್ನೂರ ಹದಿಮೂರನೆಯ ಅರ್ಜಿ

ಮೊದಲ ಮಾತುಕತೆ ನಿಗದಿಯಾಗುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಅವರ ಅನುಭವ ದಾಖಲಿಸಿಕೊಳ್ಳಲು ವಿಶ್ವವಿದ್ಯಾಲಯದಿಂದ ಹೋದ ವಿನಂತಿಪತ್ರಕ್ಕೆ ಕಿವಿಯಕ್ಕ ಒಂದೇ ಸಾಲಿನ ಉತ್ತರ ಬರೆದಿದ್ದರು: ‘ತಮ್ಮ ಪತ್ರ ತಲುಪಿದೆ, ಅದರಲ್ಲೇನಿದೆ ಎಂದು ಕೇಳಿದರೆ ನನ್ನ ಕಂಪ್ಯೂಟರ್ “ಚಿತ್ರ” ಎಂದಷ್ಟೇ ಹೇಳುತ್ತಿದೆ.’ ಮೊಹರು, ಸಹಿ ಎಲ್ಲವೂ ಇದ್ದ ಆ ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸಲಾಗಿತ್ತು. ಟೈಪು ಮಾಡಿದ ಎರಡನೆಯ ಪತ್ರಕ್ಕೆ ಅವರು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಕಚೇರಿಯಲ್ಲಿ ತಮ್ಮ ಪಕ್ಕದ ಮೇಜಿನ ಗುಮಾಸ್ತರು ನಿವೃತ್ತರಾಗುವ ತನಕ ಕಾಯಬೇಕು, ಆಮೇಲೆ ಅವರನ್ನೂ ಒಂದು ಮಾತು ಕೇಳಬೇಕು. ಗುಮಾಸ್ತರು ಹೂಂ ಅಂದ ಮರುವಾರ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ತಂಗಿಯ ಮನೆಯ ಅಡುಗೆಕೋಣೆಯಲ್ಲಿ ಮಾತು ಶುರುವಾಯಿತು.

ಕಿವಿಯಕ್ಕ ಎಂಬುದು ಕಚೇರಿ ಇಟ್ಟ ಹೆಸರು. ಹುಟ್ಟಿನಿಂದ ಕಣ್ಣು ಕಾಣದ ಆಕೆಗೆ ಕೆಲಸವೇ ಕೇಳುವುದು. ಸರ್ಕಾರದ ಯಾವ ವೆಬ್‌ಸೈಟ್ ಸಿದ್ಧವಾದರೂ ಅದು ಎರಡನೆಯ ಮಹಡಿಯ ಮೂಲೆಕೋಣೆಗೆ ಬಂದು ಅವರ ಕಿವಿಯನ್ನು ಹಾದು ಹೋಗಬೇಕು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶದ ದನಿಯನ್ನು ಅವರು ಎಷ್ಟು ವೇಗಕ್ಕೆ ಏರಿಸಿದ್ದರೆಂದರೆ, ಉಳಿದವರಿಗೆ ಅದು ತಗಡಿನ ಡಬ್ಬಕ್ಕೆ ಒಣಕಾಳು ಸುರಿದಂತೆ ಕೇಳುತ್ತಿತ್ತು. ಪರದೆಯನ್ನು ಅವರು ಹಚ್ಚುತ್ತಲೇ ಇರಲಿಲ್ಲ. ಹೊರಗಿನಿಂದ ಯಾರೇ ಬಂದರೂ ಸಾಹೇಬರು ಆ ಕಪ್ಪು ಪರದೆಯನ್ನು ತೋರಿಸಿ, “ನೋಡಿ, ಕರೆಂಟಿನ ಉಳಿತಾಯ” ಎಂದು ನಗಿಸುತ್ತಿದ್ದರು. ಒಂಬತ್ತು ವರ್ಷ ಅದೇ ಹಾಸ್ಯ.

“ಇದೇನು ಕಿವಿಯಕ್ಕ, ಬೆಳಿಗ್ಗೆಯಿಂದ ಒಂದೇ ರಾಗ?” ಎಂದು ಗುಮಾಸ್ತರು ಕೇಳುತ್ತಿದ್ದರು. ವಯಸ್ಸಿನಲ್ಲಿ ಹಿರಿಯರಾದರೂ ಕರೆಯುತ್ತಿದ್ದುದು ಹಾಗೆಯೇ.

“ಬಟನ್, ಬಟನ್, ಬಟನ್ ಅಂತಿದೆ ಅಣ್ಣ. ಯಾವುದಕ್ಕೂ ಹೆಸರಿಟ್ಟಿಲ್ಲ. ಒಂದು ಒತ್ತಿದ್ರೆ ಅರ್ಜಿ ಹೋಗುತ್ತೆ, ಇನ್ನೊಂದು ಒತ್ತಿದ್ರೆ ಬರೆದದ್ದೆಲ್ಲ ಅಳಿಸಿಹೋಗುತ್ತೆ.”

“ನಮ್ಮನೇಲೂ ಹಾಗೇ. ಯಾವ ಮಾತಿಗೆ ಏನಾಗುತ್ತೋ ಬಾಯಿಬಿಟ್ಟ ಮೇಲೇ ಗೊತ್ತಾಗೋದು.”

ಅಂಗವಿಕಲರ ಗುರುತಿನ ಚೀಟಿಯನ್ನು ನವೀಕರಿಸುವ ಸೈಟು ಇವೆಲ್ಲವನ್ನೂ ಮೀರಿಸಿತ್ತು. ಕೊನೆಯ ಪುಟಗಳಿಗೆ ಹೋಗುವ ಮುನ್ನ ಒಂದು ಚಿತ್ರ ಬರುತ್ತಿತ್ತು. ಅದರೊಳಗೆ ಸೊಟ್ಟಸೊಟ್ಟಗೆ ಬರೆದ ಐದು ಅಕ್ಷರ. ಅವನ್ನು ನೋಡಿ ಟೈಪು ಮಾಡಿದವರಿಗೆ ಮಾತ್ರ ಮುಂದಿನ ದಾರಿ. ತಂತ್ರಾಂಶ ಅಲ್ಲಿಗೆ ಬಂದು ‘ಚಿತ್ರ’ ಎಂದು ಸುಮ್ಮನಾಗುತ್ತಿತ್ತು. ಆದರೆ ಒಳಗಿನ ತಪ್ಪು ಹಿಡಿಯಬೇಕಾದರೆ ಬಾಗಿಲು ದಾಟಲೇಬೇಕಲ್ಲ. ಹಾಗಾಗಿ ಪ್ರತಿ ಪರೀಕ್ಷೆಯಲ್ಲೂ ಗುಮಾಸ್ತರು ಕುರ್ಚಿ ಎಳೆದುಕೊಂಡು ಬಂದು, ಪರದೆ ಹಚ್ಚಿ, ಅಕ್ಷರಗಳನ್ನು ಓದುವುದು, ಕಿವಿಯಕ್ಕ ಟೈಪು ಮಾಡುವುದು ರೂಢಿಯಾಯಿತು. ನಾಲ್ಕು ವರ್ಷವೂ ವರದಿಯ ಮೊದಲ ಸಾಲು ಒಂದೇ: ‘ಈ ಜಾಗವನ್ನು ಕಣ್ಣಿಲ್ಲದವರು ಒಬ್ಬರೇ ದಾಟಲಾರರು.’

ನಾಲ್ಕನೆಯ ವರ್ಷದ ಕೊನೆಗೆ ಸಾಹೇಬರು ಸಭೆ ಕರೆದು ಸಿಹಿಸುದ್ದಿ ಹೇಳಿದರು. ಸೈಟು ಎಲ್ಲರಿಗೂ ಎಟುಕುತ್ತದೆ ಎಂಬ ಪ್ರಮಾಣಪತ್ರ ಬಂದಿತ್ತು. ಇನ್ನು ಚೀಟಿ ನವೀಕರಿಸುವ ಕೌಂಟರುಗಳನ್ನು ಮುಚ್ಚಬಹುದು. ಕಣ್ಣು ಕಾಣದವರೇ ಮುನ್ನೂರ ಹನ್ನೆರಡು ಸಲ ಅರ್ಜಿ ಮುಗಿಸಿದ್ದಾರೆ, ಯಾರ ನೆರವೂ ಇಲ್ಲದೆ.

“ಆ ಮುನ್ನೂರ ಹನ್ನೆರಡೂ ನಾನೇ ಸರ್. ಪರೀಕ್ಷೆಗೆ ಮಾಡಿದ್ದು. ಅಕ್ಷರ ಓದಿದ್ದು ಗುಮಾಸ್ತರು.”

“ನೀವೇ ಅಂತಾನೇ ನಾನೂ ಹೇಳ್ತಿರೋದಮ್ಮ. ‘ನೆರವು ಪಡೆದಿದ್ದೀರಾ’ ಅನ್ನೋ ಕಡೆ ಪ್ರತಿ ಸಲ ‘ಇಲ್ಲ’ ಅಂತ ಕೊಟ್ಟಿದೀರಲ್ಲ.”

“ಅಂಥ ಪ್ರಶ್ನೆಯೇ ನನಗೆ ಕೇಳಿಸಿಲ್ಲ ಸರ್.”

ಮೇಜಿಗೆ ಮರಳಿ ಇಬ್ಬರೂ ಹುಡುಕಿದರು. ಕೊನೆಯ ಪುಟದ ಮೂಲೆಯಲ್ಲಿ ಒಂದು ಚೌಕವಿತ್ತು. ‘ಇಲ್ಲ’ ಎಂಬುದಕ್ಕೆ ಗುರುತು ಮೊದಲೇ ಬಿದ್ದಿತ್ತು. ಹೆಸರಿಲ್ಲದ ಆ ಚೌಕವನ್ನು ತಂತ್ರಾಂಶ ಉಸಿರೆತ್ತದೆ ದಾಟಿಬಿಡುತ್ತಿತ್ತು.

“ನಾನು ನೋಡಿದ್ದೆ,” ಎಂದರು ಗುಮಾಸ್ತರು. “ನಿಮಗೂ ಕೇಳಿಸಿರುತ್ತೆ ಅಂದ್ಕೊಂಡೆ.”

ತಪ್ಪು ಹಿಡಿಯಲೆಂದೇ ಸಂಬಳ ಪಡೆದವರ ಕಿವಿಯನ್ನು ತಪ್ಪಿಸಿಕೊಂಡ ಆ ಒಂದು ಚೌಕ ಅಷ್ಟೂ ವರದಿಗಳನ್ನು ಸುಳ್ಳು ಮಾಡಿತ್ತು. ಕಿವಿಯಕ್ಕ ಐದನೆಯ ವರದಿ ಬರೆದರು. ಪ್ರಮಾಣಪತ್ರ ಬಂದಾದ ಮೇಲೆ ವರದಿಗೆ ಜಾಗವಿಲ್ಲವೆಂದು ಅದು ಹಿಂದಿರುಗಿತು.

ಕೌಂಟರು ಮುಚ್ಚಿದ ಎರಡನೆಯ ವಾರ ದೂರದ ಊರಿನ ಒಬ್ಬ ಕುರ್ಚಿ ಹೆಣೆಯುವವರು ಫೋನು ಮಾಡಿದರು. ಅವರಿಗೂ ಕಣ್ಣು ಕಾಣದು.

“ಅಮ್ಮಾ, ಅಲ್ಲೇನೋ ಅಕ್ಷರ ಬರುತ್ತಂತೆ. ಏನು ಅಂತ ನೀವೇ ಹೇಳಿಬಿಡಿ.”

“ಒಬ್ಬೊಬ್ಬರಿಗೆ ಒಂದೊಂದು ಬರುತ್ತೆ ಅಣ್ಣ. ಇಲ್ಲಿಂದ ಹೇಳೋಕಾಗಲ್ಲ. ಮನೇಲಿ ಯಾರೂ ಇಲ್ವಾ?”

“ಇದ್ದಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ?”

ಕಿವಿಯಕ್ಕನ ಸ್ವಂತ ಚೀಟಿಯ ಅವಧಿಯೂ ಜನವರಿ ಕೊನೆಗೆ ಮುಗಿಯುವುದಿತ್ತು. ಅವರ ಹುದ್ದೆ ನಿಂತಿದ್ದುದು ಆ ಚೀಟಿಯ ಮೇಲೆ. ಅವರು ಗಟ್ಟಿ ಮನಸ್ಸು ಮಾಡಿದರು: ಯಾರಿಂದಲೂ ಓದಿಸಿಕೊಳ್ಳುವುದಿಲ್ಲ. ಸೈಟು ಪರೀಕ್ಷಿಸುವವಳ ಚೀಟಿಯೇ ಸೈಟಿನಿಂದಾಗಿ ರದ್ದಾದರೆ ಸಾಹೇಬರು ಯಾವ ಮುಖವಿಟ್ಟುಕೊಂಡು ಇಲ್ಲವೆನ್ನುತ್ತಾರೆ? ಕೌಂಟರು ತೆರೆಯಲೇಬೇಕಾಗುತ್ತದೆ.

“ಐದೇ ಅಕ್ಷರ,” ಎಂದರು ಗುಮಾಸ್ತರು. “ಓದಿಬಿಡ್ತೀನಿ, ಮುಗೀಲಿ.”

“ನೀವು ಓದಿದ್ರೆ ಮುನ್ನೂರ ಹದಿಮೂರು ಆಗುತ್ತೆ ಅಣ್ಣ.”

ಅವರು ಒಬ್ಬರೇ ನಲವತ್ತಾರು ಸಲ ಯತ್ನಿಸಿ, ಪ್ರತಿ ಸೋಲನ್ನೂ ಗಂಟೆ ನಿಮಿಷದ ಸಮೇತ ಬರೆದಿಟ್ಟರು. ಮನೆಯಲ್ಲಿ ತಂಗಿ ಪಾತ್ರೆ ಕುಕ್ಕತೊಡಗಿದಳು.

“ರಸ್ತೆ ದಾಟೋಕೆ ನನ್ನ ಕೈ ಹಿಡೀತೀಯ. ಐದಕ್ಷರ ಓದಿಸಿಕೊಳ್ಳೋಕೆ ಏನು ದಾಡಿ ನಿನಗೆ?”

“ರಸ್ತೆ ದಾಟಿಸಿ ಆಮೇಲೆ, ಇವಳು ಒಬ್ಬಳೇ ದಾಟಿದಳು ಅಂತ ನೀನು ಊರಿಗೆಲ್ಲ ಬರೆದು ಕಳಿಸಲ್ವಲ್ಲ.”

“ಕೆಲಸ ಹೋದ್ಮೇಲೆ ಇದನ್ನೇ ಹೇಳಿಕೊಂಡು ಕೂತಿರು ಅಕ್ಕ.”

ಫೆಬ್ರವರಿ ಒಂದರ ಬೆಳಿಗ್ಗೆ ಕಿವಿಯಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಕಚೇರಿಗೆ ಹೋದರು. ಕೌಂಟರು ತೆರೆಯಬೇಕೆಂಬ ಮನವಿ, ನಲವತ್ತಾರು ಸೋಲಿನ ಪಟ್ಟಿ, ಎರಡೂ ಚೀಲದಲ್ಲಿದ್ದವು. ರದ್ದಾದುದನ್ನು ಖಚಿತಪಡಿಸಿಕೊಳ್ಳಲು ಸೈಟು ತೆರೆದರು. ಕಾಳು ಸುರಿಯುವ ದನಿ ಎಂದಿನ ವೇಗದಲ್ಲೇ ಹೇಳಿತು: ನವೀಕರಣ ಯಶಸ್ವಿ.

ಪಕ್ಕದ ಮೇಜಿನಲ್ಲಿ ಕಾಗದ ಸರಿಸುವ ಸದ್ದು ನಿಂತಿತ್ತು. ಕಿವಿಯಕ್ಕನ ಪಾಸ್‌ವರ್ಡು ಗೊತ್ತಿದ್ದುದು ಆ ಮೇಜಿನವರೊಬ್ಬರಿಗೇ.

“ಏನು ಮಾಡಿಬಿಟ್ರಿ ಅಣ್ಣ?”

“ನಿಮ್ಮ ತಂಗಿ ಫೋನಲ್ಲಿ ಅತ್ತಳಮ್ಮ. ಬೇಡಾನ್ನೋಕೆ ನನ್ನ ಕೈಲಾಗಲಿಲ್ಲ.” ಮೊದಲ ಬಾರಿಗೆ ಅವರು ಕಿವಿಯಕ್ಕ ಎನ್ನಲಿಲ್ಲ.

“ಆ ಚೌಕದಲ್ಲಿ ಏನು ಕೊಟ್ರಿ?”

“‘ಹೌದು’ ಅಂದ್ರೆ ನೆರವಾದವರ ಹೆಸರು ಕೇಳುತ್ತೆ. ಇದ್ದ ಹಾಗೇ ಬಿಟ್ಟೆ.”

ನಿಜ ಹೇಳಿದರೆ ಇನ್ನೊಬ್ಬರ ಪಾಸ್‌ವರ್ಡು ಬಳಸಿದ ಆರೋಪ ಗುಮಾಸ್ತರ ಕುತ್ತಿಗೆಗೆ ಬರುತ್ತಿತ್ತು. ನಿವೃತ್ತಿಗೆ ಅವರಿಗೆ ವರ್ಷವೂ ಉಳಿದಿರಲಿಲ್ಲ. ಕಿವಿಯಕ್ಕ ಮನವಿಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಮುಂದಿನ ತಿಂಗಳು ಕುರ್ಚಿ ಹೆಣೆಯುವವರು ಮತ್ತೆ ಫೋನು ಮಾಡಿದಾಗ, “ಯಾರ ಹತ್ತಿರವಾದ್ರೂ ಓದಿಸಿಕೊಳ್ಳಿ ಅಣ್ಣ,” ಎಂದು ತಮ್ಮದೇ ಬಾಯಿಂದ ಹೇಳಿದರು. ಅವರು ಫೋನು ಇಡಲಿಲ್ಲ. ಎಷ್ಟೋ ಹೊತ್ತು ಆ ಕಡೆಯ ಉಸಿರನ್ನು ಕೇಳಿದ್ದನ್ನು ಕಿವಿಯಕ್ಕ ಈ ಮಾತುಕತೆಯಲ್ಲಿ ಹೇಳುವಾಗ ಅಡುಗೆಕೋಣೆಯಲ್ಲಿ ತಂಗಿ ನಲ್ಲಿ ತಿರುಗಿಸಿ ನೀರು ಬಿಟ್ಟಳು.

ಕೌಂಟರು ಇಂದಿಗೂ ತೆರೆದಿಲ್ಲ. ಇಲಾಖೆಯ ಕಂಪ್ಯೂಟರಿನಲ್ಲಿರುವ ನಮೂದನ್ನು ಕಿವಿಯಕ್ಕ ತಾವೇ ಕೇಳಿ, ನಿಧಾನವಾಗಿ ಬರೆಸಿದರು: 31 ಜನವರಿ 2023, ಸಂಜೆ 4 ಗಂಟೆ 52 ನಿಮಿಷ, ಅರ್ಜಿದಾರರ ದೃಷ್ಟಿ, ಶೂನ್ಯ, ನೆರವು, ಪಡೆದಿಲ್ಲ, ಕ್ರಮಸಂಖ್ಯೆ 313.