ಕೇಳಿ ಬರೆಯುವವರು

ವಿಜಯನಗರದ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಸಹೋದ್ಯೋಗಿ, ಡಾಕ್ಟರುಗಳು ರೋಗಿಗಳ ಬಗ್ಗೆ ರೆಕಾರ್ಡ್ ಮಾಡಿ ಕಳಿಸಿದ ಮಾತನ್ನು ಕಣ್ಣು ಮುಚ್ಚಿಕೊಂಡೇ ಟೈಪ್ ಮಾಡುತ್ತಿದ್ದರು. ಅನುಮಾನ ಬಂದರೆ ಹೆಡ್‌ಫೋನ್ ಒತ್ತಿ ಹಿಡಿದು, "ತಾಳು, ಇನ್ನೊಂದ್ಸಲ ಕೇಳೋಣ" ಎನ್ನುತ್ತಿದ್ದರು.

ಆಮೇಲೆ ಎಐ ಬಂತು. ನಾವು ಹನ್ನೆರಡು ಜನ ದಿನವಿಡೀ ಮಾಡುತ್ತಿದ್ದುದನ್ನು ಅದು ಊಟದ ಹೊತ್ತಿಗೆ ಮುಗಿಸುತ್ತಿತ್ತು. ಅದರ ತಪ್ಪು ತಿದ್ದುವುದಷ್ಟೇ ನಮ್ಮ ಕೆಲಸವಾಯಿತು. ಒಂದೊಂದೇ ಕುರ್ಚಿ ಖಾಲಿಯಾಗಿ, ಕೊನೆಗೆ ಅವರು, ನಾನು ಇಬ್ಬರೇ ಉಳಿದೆವು.

ಒಂದು ಬೆಳಿಗ್ಗೆ, ಆಪರೇಷನ್ ಆಗಬೇಕಿದ್ದ ಬಲಗಾಲನ್ನು ಎಐ ಎಡಗಾಲೆಂದು ಬರೆದಿದ್ದನ್ನು ಅವರು ಪತ್ತೆ ಹಚ್ಚಿದರು. ತಕ್ಷಣ ಮ್ಯಾನೇಜರ್ ಬಳಿ ಓಡಿದರು. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ.

"ನೋಡಿ ಸಾರ್, ಜನ ಬೇಕು ಅಂತ ನಾವು ಹೇಳೋದು ಇದಕ್ಕೇ."

"ನಿಜ ಮೇಡಂ, ಒಬ್ರಂತೂ ಬೇಕೇ ಬೇಕು" ಎಂದರು ಮ್ಯಾನೇಜರ್.

ಆ ಒಬ್ಬಳು ನಾನಾದೆ; ನನ್ನ ಸಂಬಳ ಕಡಿಮೆಯಿತ್ತು. ಕೊನೆಯ ದಿನ ಅವರು ಬ್ಯಾಗನ್ನು ಹೆಗಲಿಗೇರಿಸಿಕೊಂಡು ನನ್ನ ಕುರ್ಚಿಯ ಬಳಿ ನಿಂತರು. ನಾನು ತಲೆ ಎತ್ತಲಿಲ್ಲ.

"ಆ ಹಾರ್ಟ್ ಡಾಕ್ಟ್ರು ಫಿಫ್ಟೀನ್ ಅಂದ್ರೆ ಫಿಫ್ಟಿ ಅಂದಂಗೆ ಕೇಳ್ಸತ್ತೆ. ಹುಷಾರು ಕಣೇ" ಎಂದು ಹೇಳಿ, ಮೆಟ್ಟಿಲಿಳಿದು ಹೋದರು.