ಲೀಲಕ್ಕನ ಸೈಕಲ್ಲಿಗೆ ಎಂಜಿನ್ ಕೂರಿಸಿದ್ದು

1987ರಲ್ಲಿ ನಾನು ಮಂಗಳೂರಿನ ಬೋಳಾರದಲ್ಲಿ, ನದಿಗೆ ಇಳಿಯುವ ದಾರಿಯ ಬದಿಯಲ್ಲಿ, ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದೆ. ಅದಕ್ಕೂ ಮೊದಲು ಎಂಟು ವರ್ಷ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ, ವೆಲ್ಡರ್ ಆಗಿ ಕೆಲಸ ಮಾಡಿದ್ದೆ. ಬೋಳಾರದಲ್ಲಿ ನನ್ನ ಗಿರಾಕಿಗಳು ಹೆಚ್ಚಾಗಿ ಮೀನಿನ ಬೋಟಿನವರು. ಪ್ರೊಪೆಲ್ಲರ್ ಶಾಫ್ಟ್ ನೇರ ಮಾಡುವುದು, ಎಂಜಿನ್ ಕೂರುವ ಕಬ್ಬಿಣದ ಪೀಠ ಬೆಸೆಯುವುದು, ಇಂಥ ಕೆಲಸಗಳು. ನಾನು ಬೆಸೆದ ಅರ್ಧ ಇಂಚು ದಪ್ಪದ ಪ್ಲೇಟು ಒಮ್ಮೆಯೂ ಬಿಟ್ಟುಕೊಂಡು ವಾಪಸು ಬಂದದ್ದಿಲ್ಲ ಎಂಬ ಹೆಮ್ಮೆ ನನಗಿತ್ತು. ಆ ವರ್ಷ ಆ ಹೆಮ್ಮೆಯ ಪೆಟ್ಟು ಬಿದ್ದದ್ದು ನನಗಲ್ಲ, ಇನ್ನೊಬ್ಬರಿಗೆ.

ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಲೀಲಕ್ಕ ಸೈಕಲ್ ತಳ್ಳಿಕೊಂಡು ಬಂದರು. ಅವರು ದಾದಿ, ಹೆರಿಗೆ ಮಾಡಿಸುವವರು. ಪಂಪ್‌ವೆಲ್ ದಾಟಿ ಪಡೀಲು, ಬಜಾಲು, ಕಣ್ಣೂರು ಕಡೆಯ ಮನೆಗಳಿಗೆ ಹೋಗಿ ಬಸುರಿಯರನ್ನು, ಬಾಣಂತಿಯರನ್ನು ನೋಡುವುದು ಅವರ ಕೆಲಸ. ವಯಸ್ಸು ನಲವತ್ತರ ಹತ್ತಿರ. ನನ್ನ ಮಗಳು ಹುಟ್ಟಿದಾಗ ಬಂದವರೂ ಅವರೇ. ಆದ್ದರಿಂದ ಪರಿಚಯವಿತ್ತು.

ಸೈಕಲ್ ಮಾತ್ರ ನಾನು ಅದುವರೆಗೆ ನೋಡದ ಜಾತಿಯದು. ದಪ್ಪ ಟಯರು, ಅಗಲ ಹ್ಯಾಂಡಲು, ಹಿಂದೆ ಐದು ಗೇರು. ಈಗ ಇದನ್ನು ಮೌಂಟನ್ ಬೈಕ್ ಎಂದು ಎಲ್ಲರೂ ಗುರುತಿಸುತ್ತಾರೆ. ಲೀಲಕ್ಕನ ತಮ್ಮ ಬಹರೈನಿನಲ್ಲಿದ್ದ. ಅಲ್ಲಿ ಯಾರೋ ಮೂರು ನಾಲ್ಕು ವರ್ಷ ಓಡಿಸಿ ಬಿಟ್ಟದ್ದನ್ನು ಕೊಂಡು, ಬಿಚ್ಚಿ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ರಜೆಯಲ್ಲಿ ಬರುವಾಗ ತಂದಿದ್ದ.

"ಇದಕ್ಕೆ ಮೊಪೆಡಿನ ಎಂಜಿನ್ ಕೂರಿಸಿ ಕೊಡ್ಲಿಕ್ಕೆ ಆಗ್ತದಾ ವಾಸಣ್ಣ?" ಎಂದು ಕೇಳಿದರು.

"ಮೊಪೆಡೇ ತಗೊಳ್ಳಬಹುದಲ್ಲ ಲೀಲಕ್ಕ?"

"ಮೊಪೆಡನ್ನು ಕಾಲುಸಂಕದ ಮೇಲೆ ಎತ್ತಿಕೊಂಡು ಹೋಗ್ಲಿಕ್ಕೆ ಆಗ್ತದಾ?"

ಅವರ ಲೆಕ್ಕ ಸರಿ ಇತ್ತು. ಡಾಮರು ರಸ್ತೆ ಬಿಟ್ಟ ಮೇಲೆ ಅವರ ದಾರಿಯೆಲ್ಲ ಗದ್ದೆಯ ಬದು, ಕೆಂಪು ಮುರಕಲ್ಲಿನ ಮೆಟ್ಟಿಲು, ತೋಡಿನ ನೀರಿನ ಮೇಲೆ ಅಡ್ಡ ಹಾಕಿದ ಮರದ ಸಂಕ. ಅಲ್ಲಿ ಗಾಡಿಯನ್ನು ಕೈಯಲ್ಲಿ ಎತ್ತಬೇಕು. ಹಾಗಾಗಿ ಹಗುರವೂ ಇರಬೇಕು, ಬೇಗವೂ ಓಡಬೇಕು. ಬೇಗ ಯಾಕೆ ಎಂದು ನಾನು ಕೇಳಿದೆ. ಹಿಂದಿನ ತಿಂಗಳು ಬಜಾಲಿನ ಒಂದು ಮನೆಗೆ ಹೋಗಲು ಬಸ್ಸಿಗೆ ಕಾದು, ಆಮೇಲೆ ನಡೆದು, ಮುಕ್ಕಾಲು ಗಂಟೆ ತಡವಾಯಿತು ಎಂದರು. "ತಾಯಿ ಉಳಿದಳು. ಮಗು ಇಲ್ಲ." ಅಷ್ಟೇ ಹೇಳಿ ಸೈಕಲ್ಲಿನ ಬೆಲ್ಲನ್ನು ಸೆರಗಿನಲ್ಲಿ ಒರೆಸುತ್ತ ನಿಂತರು. ನಾನು ಒಪ್ಪಿದೆ. ಇಂಥ ಗಾಡಿಗೆ ನೋಂದಣಿ ಬೇಕೇ, ಕಾನೂನು ಏನು ಹೇಳುತ್ತದೆ ಎಂದು ನಾವಿಬ್ಬರೂ ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು.

ಗುಜರಿಯಿಂದ ಹಳೆಯ ಮೊಪೆಡಿನ 50 ಸಿಸಿ ಎಂಜಿನ್ ತಂದೆ. ಮೊದಲು ಮಾಡಿದ್ದು ಸುಲಭದ ವಿಧಾನ. ಹಿಂದಿನ ಚಕ್ರದ ಮೇಲೆ ಎಂಜಿನ್ ಕೂರಿಸಿ, ಅದರ ಶಾಫ್ಟಿಗೆ ಒಂದು ಉಕ್ಕಿನ ರೋಲರ್ ಹಾಕಿ, ರೋಲರನ್ನು ಟಯರಿಗೆ ಒತ್ತಿಸಿದೆ. ರೋಲರ್ ತಿರುಗಿದರೆ ಟಯರೂ ತಿರುಗುತ್ತದೆ. ಪಕ್ಕದಲ್ಲಿ ಸ್ಕೂಟರ್ ಓಡಿಸಿ ಅದರ ಮೀಟರಿನಲ್ಲಿ ನೋಡಿದರೆ ಸಮತಟ್ಟಿನಲ್ಲಿ ಗಂಟೆಗೆ 24 ಕಿಲೋಮೀಟರ್. ಏಪ್ರಿಲ್, ಮೇ ಚೆನ್ನಾಗಿ ಓಡಿತು. ಜೂನಿನಲ್ಲಿ ಮಳೆ ಬಂದದ್ದೇ ತಡ, ಒದ್ದೆ ಟಯರಿನ ಮೇಲೆ ರೋಲರ್ ಜಾರತೊಡಗಿತು. ಎಂಜಿನ್ ಕಿರುಚುತ್ತಿತ್ತು, ಗಾಡಿ ನಿಂತಲ್ಲೇ ಇರುತ್ತಿತ್ತು. ಏರಿನಲ್ಲಿ ಲೀಲಕ್ಕ ಎಂಜಿನ್ನಿನ ಭಾರವನ್ನೂ ಸೇರಿಸಿ ಪೆಡಲ್ ತುಳಿಯಬೇಕಾಯಿತು.

"ಮೊದಲೇ ಚೆಂದ ಇತ್ತು ಮಾರಾಯ್ರೆ, ಬರೀ ಸೈಕಲ್ ತುಳಿಯುವಾಗ" ಎಂದು ಅವರು ಹೇಳಿದ್ದು ನನಗೆ ನಾಟಿತು.

ಜುಲೈಯಲ್ಲಿ ಎಲ್ಲ ಬಿಚ್ಚಿ ಚೈನಿನ ವಿಧಾನಕ್ಕೆ ಇಳಿದೆ. ಎಂಜಿನ್ನನ್ನು ಫ್ರೇಮಿನ ನಡುವಿನ ತ್ರಿಕೋನದೊಳಗೆ ಇಟ್ಟೆ. ಎಂಜಿನ್ ಕಡೆ 12 ಹಲ್ಲಿನ ಸ್ಪ್ರಾಕೆಟ್, ಹಿಂದಿನ ಚಕ್ರದ ಎಡಗಡೆ 44 ಹಲ್ಲಿನದು. ಅದನ್ನು ಚಕ್ರದ ನಡುವಿನ ಹಬ್‌ಗೆ ಕೂರಿಸುವ ಬಳೆಯನ್ನು ಲೇತಿನಲ್ಲಿ ನಾನೇ ತಿರುವಿದೆ. ಉಳಿದದ್ದು ಎಂಜಿನ್ನನ್ನು ಹಿಡಿದಿಡುವ ಬ್ರಾಕೆಟ್. ಅದನ್ನು ಫ್ರೇಮಿನ ಪೈಪಿಗೆ ನೇರ ಬೆಸೆಯುವುದೆಂದು ತೀರ್ಮಾನಿಸಿದೆ.

ನಮ್ಮ ಓಣಿಯಲ್ಲೇ ಸಾಲ್ವದೋರ್ ಪೊರ್ಬುಗಳು ಇದ್ದರು. ಬ್ಯಾಂಡಿನ ತುತ್ತೂರಿ, ಕೊಂಬು ರಿಪೇರಿ ಮಾಡುವ ಒಬ್ಬ ಹಿರಿಯರು; ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ. ತೆಳು ಲೋಹವನ್ನು ಅವರಷ್ಟು ಬಲ್ಲವರು ನಮ್ಮ ಸುತ್ತಿನಲ್ಲಿ ಇರಲಿಲ್ಲ. ಆ ದಿನ ಬೀಡಿಗೆ ಬೆಂಕಿ ಕೇಳಲು ಬಂದವರು ಫ್ರೇಮಿನ ಪೈಪನ್ನು ಉಗುರಿನಿಂದ ಬಾರಿಸಿ ಅದರ ಸದ್ದು ಆಲಿಸಿದರು.

"ಇದು ನಮ್ಮ ಊರಿನ ಸೈಕಲಿನ ಪೈಪಲ್ಲ ವಾಸು. ತೆಳು ಉಂಟು, ಗಟ್ಟಿ ಉಂಟು. ಇದಕ್ಕೆ ಕರೆಂಟ್ ವೆಲ್ಡಿಂಗ್ ಹಾಕ್ಬೇಡ ಮಾರಾಯ. ಕ್ಲ್ಯಾಂಪ್ ಹಾಕಿ ಕಟ್ಟು."

"ಬೋಟಿನ ಎಂಜಿನೇ ಗಟ್ಟಿ ನಿಲ್ತದೆ ಪೊರ್ಬುಗಳೇ ನನ್ನ ವೆಲ್ಡಿಂಗಿನಲ್ಲಿ" ಎಂದು ನಕ್ಕೆ. ಅವರು ಬೀಡಿ ಹಚ್ಚಿಕೊಂಡು ಹೋದರು.

ಅವರು ಹೇಳಿದ್ದರ ಅರ್ಥ ನನಗೆ ತಿಳಿದದ್ದು ಆಮೇಲೆ. ಹಗುರವಾಗಲೆಂದು ಇಂಥ ಫ್ರೇಮುಗಳಿಗೆ ಬೇರೆ ಲೋಹ ಬೆರೆಸಿದ ತೆಳು ಉಕ್ಕು ಬಳಸುತ್ತಾರೆ. ಅದರ ಒಂದೇ ಜಾಗಕ್ಕೆ ತೀರಾ ಬಿಸಿ ಕೊಟ್ಟು ತಣಿಯಲು ಬಿಟ್ಟರೆ ಬೆಸುಗೆಯ ಪಕ್ಕದ ಲೋಹ ಪೆಡಸಾಗಿ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ, ಅದರ ಬದಿಯಲ್ಲಿ ಪೈಪು ಬಿರಿಯುತ್ತದೆ.

ಹೊಸ ಗಾಡಿ ಗಂಟೆಗೆ 40 ಕಿಲೋಮೀಟರ್ ಓಡಿತು. ಒಟ್ಟು ತೂಕ 26 ಕಿಲೋ. ಮಳೆಯಲ್ಲೂ ಏರು ಹತ್ತಿತು. ಪಂಪ್‌ವೆಲ್‌ನಿಂದ ಬಜಾಲಿನ ಕೊನೆಯ ಮನೆಗೆ ಹನ್ನೆರಡು ನಿಮಿಷ ಎಂದು ಲೀಲಕ್ಕ ಸ್ವತಃ ವಾಚು ನೋಡಿ ಬಂದು ಹೇಳಿದರು. ಆಗಸ್ಟ್ ತಿಂಗಳಿಡೀ ಆ ಗಾಡಿಯನ್ನು ನಿಲ್ಲಿಸಿ ನೋಡದವರಿಲ್ಲ. ಬೋಟಿನವರೂ ಬಂದು ನೋಡಿದರು. ನಾನು ಎಲ್ಲರಿಗೂ ನನ್ನ ಬೆಸುಗೆಯನ್ನೇ ತೋರಿಸುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಸೋಮವಾರ ಲೀಲಕ್ಕ ಬಂದು, "ಎಂತದೋ ಸದ್ದು ಉಂಟು" ಎಂದರು.

"ಎಂತ ಸದ್ದು?"

"ಟಿಕ್ ಅಂತ. ಹೊಂಡಕ್ಕೆ ಇಳಿದು ಹತ್ತುವಾಗ ಮಾತ್ರ. ಮೊದಲು ಇರ್ಲಿಲ್ಲ."

ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಜಿನ್ ಚಾಲೂ ಮಾಡಿದೆ. ನಿಧಾನ, ಜೋರು, ಮತ್ತೆ ನಿಧಾನ. ಚೈನು ನೋಡಿದೆ, ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿದೆ. ಏನೂ ಕೇಳಿಸಲಿಲ್ಲ. ಹೊರಗೆ ಬೋಟಿನವರು ಶಾಫ್ಟಿಗಾಗಿ ಕಾಯುತ್ತಿದ್ದರು.

"ಎಂಜಿನ್ ಸರಿ ಉಂಟು ಲೀಲಕ್ಕ. ನಿಮಗೆ ಹಾಗೆ ಕೇಳುವುದು."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಆಗಲಿ" ಎಂದು ಹೊರಟರು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಂದು ಗೂಡ್ಸ್ ರಿಕ್ಷಾ ನನ್ನ ಬಾಗಿಲಲ್ಲಿ ನಿಂತಿತು. ಹಿಂದೆ ಲೀಲಕ್ಕನ ಸೈಕಲ್, ನಡುವಿನಲ್ಲಿ ಮುರಿದು ಬಾಗಿಹೋಗಿತ್ತು. ರಿಕ್ಷಾದವನು, "ಪಡೀಲಿನ ಇಳಿಜಾರಿನಲ್ಲಿ ಬಿದ್ದದ್ದು. ಅಕ್ಕ ಇದನ್ನು ನಿಮಗೆ ಕೊಡ್ಲಿಕ್ಕೆ ಹೇಳಿದ್ದಾರೆ. ವಾಸಣ್ಣ ನೋಡಲಿ ಅಂತ ಹೇಳಿದ್ರು" ಎಂದ.

"ಅವರು ಎಲ್ಲಿ?"

"ಹೆರಿಗೆಗೆ ಹೋದ್ರು."

ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಬಿದ್ದ ಜಾಗದಿಂದ ಆ ಮನೆಗೆ ಎರಡು ಫರ್ಲಾಂಗು. ಬಲಗಡೆಯ ಕಾಲರ್ ಮೂಳೆ ಮುರಿದಿತ್ತು. ಕೈಯನ್ನು ಸೀರೆಯ ಸೆರಗಿನಿಂದ ಎದೆಗೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಅವರು ನಡೆದೇ ಹೋಗಿದ್ದರು. ಹಾಸಿಗೆಯ ಪಕ್ಕದಲ್ಲಿ ಕುಳಿತು, ಮಾಡಬೇಕಾದ್ದನ್ನೆಲ್ಲ ಪಕ್ಕದ ಮನೆಯ ಹೆಂಗಸಿಗೆ ಒಂದೊಂದಾಗಿ ಹೇಳಿ ಮಾಡಿಸಿದ್ದರು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಅದಾದ ಮೇಲೆಯೇ ಅವರು ಆಸ್ಪತ್ರೆಗೆ ಹೋದದ್ದು.

ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ಹ್ಯಾಂಡಲಿನ ಬುಡದಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ಪೈಪು, ನನ್ನ ಬೆಸುಗೆಯ ಅಂಚಿನಲ್ಲೇ ತುಂಡಾಗಿತ್ತು. ತುಂಡಾದ ಸುತ್ತಿನ ಮೂರನೇ ಒಂದು ಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಅದು ಆ ಬೆಳಿಗ್ಗೆ ಮುರಿದದ್ದು. ಉಳಿದ ಎರಡು ಭಾಗ ಕಂದು ಬಣ್ಣ, ತುಕ್ಕು. ಅಷ್ಟು ಭಾಗ ದಿನಗಟ್ಟಲೆ ಮೊದಲೇ ಬಿರಿದು, ಮಳೆನೀರು ಕುಡಿದು, ಹೊಂಡಕ್ಕೆ ಇಳಿದಾಗಲೆಲ್ಲ ತೆರೆದು ಮುಚ್ಚಿ ಸದ್ದು ಮಾಡಿತ್ತು. ಆ ಸದ್ದನ್ನು ಒಬ್ಬರು ಕೇಳಿ, ನನ್ನ ಹತ್ತಿರ ಬಂದು ಹೇಳಿ ಹೋಗಿದ್ದರು. ಭಾರ ಹೊತ್ತಾಗ ಮಾತ್ರ ಬಾಯಿ ಬಿಡುವ ಬಿರುಕು ಸ್ಟ್ಯಾಂಡಿನ ಮೇಲೆ ಸುಮ್ಮನಿರುತ್ತದೆ ಎಂಬುದು ನನ್ನಂಥ ವೆಲ್ಡರನಿಗೆ ಹೊಳೆಯಬೇಕಿತ್ತು.

ಮಾರನೆಯ ದಿನ ಅವರ ಮನೆಗೆ ಹೋದೆ. ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ತಪ್ಪು ನನ್ನದು, ಪೈಪಿಗೆ ಬೆಸೆಯಬಾರದಿತ್ತು, ಪೊರ್ಬುಗಳು ಹೇಳಿದ್ದರೂ ಕೇಳಲಿಲ್ಲ ಎಂದೆ. ಅವರು ತಲೆಯಾಡಿಸಿದರು.

"ಬೆಸೆದದ್ದಕ್ಕೆ ನನಗೆ ಬೇಸರ ಇಲ್ಲ. ಗೊತ್ತಿಲ್ಲದೆ ಮಾಡಿದ್ದು. ಆದರೆ ಹೊಟ್ಟೆಯ ಮೇಲೆ ಕಿವಿ ಇಟ್ಟು ಮಗುವಿನ ಎದೆಬಡಿತ ಲೆಕ್ಕ ಮಾಡುವವಳು ನಾನು ವಾಸಣ್ಣ. ಕೇಳಿತು ಅಂತ ಹೇಳಿದರೆ ಕೇಳಿದೆ ಅಂತಲೇ ಲೆಕ್ಕ."

"ಇನ್ನು ಆ ಗಾಡಿ ಬೇಡ ಲೀಲಕ್ಕ" ಎಂದೆ.

"ಬೇಡ ಅಂತ ಹೇಳುವುದಿದ್ದರೆ ನಾನು ಹೇಳ್ಬೇಕು. ಕೈ ಗುಣ ಆಗ್ಲಿಕ್ಕೆ ಆರು ವಾರ ಉಂಟು. ಅಷ್ಟರಲ್ಲಿ ಸರಿ ಮಾಡಿ ಇಡಿ. ಸ್ಪೀಡ್ ಕಮ್ಮಿ ಮಾಡ್ಬೇಡಿ."

ಸೈಕಲನ್ನು ಹೊತ್ತುಕೊಂಡು ಪೊರ್ಬುಗಳ ಹತ್ತಿರ ಹೋದೆ. ಅವರು ಹಳೆಯ ಮಾತು ಎತ್ತಲಿಲ್ಲ. ನನ್ನ ಬೆಸುಗೆಯನ್ನೂ ಅದರ ಸುತ್ತಲಿನ ಕೆಟ್ಟ ಪೈಪನ್ನೂ ಕತ್ತರಿಸಿ ತೆಗೆಸಿದರು. ಒಳಗೆ ಸರಿಯಾಗಿ ಕೂರುವ ಒಂದು ಕೊಳವೆಯನ್ನು ನಾನು ಲೇತಿನಲ್ಲಿ ತಿರುವಿ ಕೊಟ್ಟೆ. ಅವರು ಗ್ಯಾಸಿನ ಮೆದು ಉರಿಯಲ್ಲಿ ಹಿತ್ತಾಳೆ ಕರಗಿಸಿ ಹರಿಸಿ ಅದನ್ನು ಕೂಡಿಸಿದರು. ಈ ಕೆಲಸಕ್ಕೆ ಬ್ರೇಜಿಂಗ್ ಎನ್ನುತ್ತಾರೆ. ಪೈಪು ಕರಗುವಷ್ಟು ಬಿಸಿಯಾಗುವುದಿಲ್ಲ, ಹಿತ್ತಾಳೆ ಮಾತ್ರ ಸಂದಿಗೆ ಇಳಿಯುತ್ತದೆ. ಎಂಜಿನ್ನನ್ನು ಈ ಸಲ ರಬ್ಬರ್ ಪಟ್ಟಿ ಸುತ್ತಿದ ನಾಲ್ಕು ಕ್ಲ್ಯಾಂಪುಗಳಲ್ಲಿ ಕಟ್ಟಿದೆ. ಒದ್ದೆಯಾದರೆ ಹಿಡಿಯದ ಬ್ರೇಕ್ ರಬ್ಬರುಗಳನ್ನೂ ಬದಲಿಸಿದೆ.

ಆಮೇಲೆ ಲೀಲಕ್ಕನ ಚೀಲದಷ್ಟು ಭಾರದ ಮರಳನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ, ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಾನೇ ಓಡಿಸತೊಡಗಿದೆ. ಅವರು ಹೋಗುವ ದಾರಿಯಲ್ಲೇ, ಅವೇ ಹೊಂಡಗಳಲ್ಲಿ. ಎಂಟನೆಯ ದಿನ ಕಣ್ಣೂರಿನ ಹತ್ತಿರ ನನ್ನ ಕೆಳಗೆ ಎಲ್ಲೋ ಒಂದು ಸಣ್ಣ ಸದ್ದು ಕೇಳಿಸಿತು. ಇಳಿದು ಸ್ಟ್ಯಾಂಡ್ ಹಾಕಿ ನೋಡಿದರೆ ಏನೂ ಇಲ್ಲ. ಹತ್ತಿ ಕೂತರೆ ಮತ್ತೆ ಉಂಟು. ರಸ್ತೆ ಬದಿಯಲ್ಲಿ ಅರ್ಧ ಗಂಟೆ ಹತ್ತಿ ಇಳಿದು ಹುಡುಕಿದೆ. ಸೀಟಿನ ಕೆಳಗಿನ ಒಂದು ಸ್ಪ್ರಿಂಗ್ ತುಂಡಾಗಿತ್ತು. ದೊಡ್ಡ ವಿಷಯವಲ್ಲ. ಆದರೆ ಆ ಸದ್ದಿನ ವಿಷಯ ನಾನೇ ಇನ್ನೊಬ್ಬ ಮೆಕ್ಯಾನಿಕನಿಗೆ ಹೇಳಿದ್ದರೆ, ಅವನೂ 'ನಿಮಗೆ ಹಾಗೆ ಕೇಳುವುದು' ಎಂದೇ ಹೇಳುತ್ತಿದ್ದ ಎಂಬುದು ಆ ಅರ್ಧ ಗಂಟೆಯಲ್ಲಿ ನನಗೆ ಚೆನ್ನಾಗಿ ಗೊತ್ತಾಯಿತು. ಒಟ್ಟು ಇನ್ನೂರು ಕಿಲೋಮೀಟರ್ ಓಡಿಸಿದ ಮೇಲೆಯೇ ಗಾಡಿಯನ್ನು ಅವರ ಕೈಗೆ ಕೊಟ್ಟೆ.

ನವೆಂಬರಿನಿಂದ ಲೀಲಕ್ಕ ಮತ್ತೆ ಅದರಲ್ಲೇ ಓಡಾಡಿದರು. ಎರಡು ವರ್ಷ ಅದೇ ಎಂಜಿನ್, ಅದೇ 40ರ ವೇಗ. ಪೊರ್ಬುಗಳು ಕೂಡಿಸಿದ ಜಾಗ ಕೊನೆಯ ತನಕ ಗಟ್ಟಿಯಾಗಿತ್ತು.

1989ರಲ್ಲಿ ಒಬ್ಬ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಬಂದು ತನ್ನ ಶಾಫ್ಟಿನ ಸದ್ದು ಬದಲಾಗಿದೆ ಎಂದ. ಅವನ ಜೊತೆಯವರೇ ನಗುತ್ತಿದ್ದರು. ಬೋಟು ದಡದಲ್ಲಿ ಕಟ್ಟಿರುವಾಗ ಎಂಜಿನ್ ಚಾಲೂ ಮಾಡಿದರೆ ಎಲ್ಲ ಸರಿಯೇ ಇತ್ತು. ನಾನು ಕೈಯೊರೆಸಿಕೊಂಡು ಬೋಟು ಹತ್ತಿದೆ. ಅಳಿವೆ ದಾಟಿ ಅಲೆಗೆ ಎದುರಾದಾಗ ಅವನು ಹೇಳಿದ ಸದ್ದು ನನಗೂ ಕೇಳಿಸಿತು. ವಾಪಸು ಬಂದು ಬಿಚ್ಚಿ ನೋಡಿದರೆ ಎಂಜಿನ್ನಿಗೆ ಸೇರುವ ಕಪ್ಲಿಂಗಿನ ಬಳಿ ಶಾಫ್ಟು ಅರ್ಧದ ತನಕ ಬಿರಿದಿತ್ತು. ಆ ಬೋಟಿನಲ್ಲಿ ಏಳು ಜನ.

ಈ ಕಸುಬಿನಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಕೈಗೆ ಸಂಬಂಧಿಸಿದ್ದು, ಹೇಳಿಕೊಟ್ಟರೆ ಯಾರಾದರೂ ಕಲಿಯಬಹುದು. ಇದೊಂದು ಮಾತ್ರ ಬೇರೆ. ಗಾಡಿಯನ್ನು ದಿನಾ ಓಡಿಸುವವರು ಬಂದು ಏನೋ ಬದಲಾಗಿದೆ ಎಂದರೆ, ಅದು ನನಗೆ ಕೇಳಿಸುತ್ತದೆಯೇ ಎಂದು ಈಗ ಮೊದಲು ನೋಡುವುದಿಲ್ಲ. ಅವರಿಗೆ ಎಲ್ಲಿ ಕೇಳಿಸಿತೋ ಅಲ್ಲಿಗೆ ಅವರ ಜೊತೆ ಹೋಗುತ್ತೇನೆ.