ಅಡುಗೆಮನೆಗೆ ಬಂದ ಪ್ರಸಂಗ

ಕೃಪಾವತಿಯವರ ದನಿ ದೊಡ್ಡದು. ಟ್ರಂಕ್ ಕಾಲ್ ಕಾಲದಲ್ಲಿ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದವರು. ಕೆಟ್ಟ ಲೈನಿನಲ್ಲೂ ಆ ಕಡೆಯವರಿಗೆ ಕೇಳಿಸಬೇಕೆಂದು ಮಾತಾಡಿ ಮಾತಾಡಿ ಗಂಟಲು ಹಾಗೇ ಪಳಗಿಬಿಟ್ಟಿತ್ತು. ಬಿಟಿಎಂ ಲೇಔಟಿನ ಮನೆಯ ವರಾಂಡದಲ್ಲಿ ಸಂಜೆ ಕಾಫಿ ಮುಗಿಸಿ ಸತ್ಯವೇದ ತೆರೆದರೆ ಓದುವುದೂ ಗಟ್ಟಿಯಾಗಿಯೇ. ಗಂಡ ತೀರಿಕೊಂಡ ಮೇಲೆ ತಮ್ಮ ಓದು ಗೋಡೆಗಳಿಗಷ್ಟೇ ಕೇಳುತ್ತದೆ ಅಂದುಕೊಂಡಿದ್ದರು.

ಒಂದು ಸಂಜೆ ಮಹಡಿ ಮೆಟ್ಟಿಲಿಳಿದು ಹೆಂಗಸೊಬ್ಬರು ಬಂದರು. ಹಣೆ ತುಂಬ ವಿಭೂತಿ, ಇಳಕಲ್ ಸೀರೆ. ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಗದಗದ ಸಂಗಮೇಶನ ತಾಯಿ, ರೇಣವ್ವ.

"ಅಕ್ಕಾರ, ನಿನ್ನಿ ಅಂವ ದೋಣಿಯಾಗ ಮಲ್ಕೊಂಡಿದ್ನಲ್ರೀ, ಬಿರುಗಾಳಿ ಎದ್ದಿತ್ತು. ಮುಂದೇನಾತು? ಅಷ್ಟರಾಗ ಕುಕ್ಕರ್ ಕೂಗಿಬಿಡ್ತು."

ಕೃಪಾವತಿಗೆ ನಗು ಬಂತು. ಯೇಸುಸ್ವಾಮಿ ಎದ್ದು ಗಾಳಿಯನ್ನು ಗದರಿಸಿದ್ದನ್ನು ಮತ್ತೊಮ್ಮೆ ಓದಿ ಹೇಳಿದರು. ರೇಣವ್ವ ಮರುದಿನವೂ ಬಂದರು. ಮೂರನೆಯ ದಿನ ಕೃಪಾವತಿಗೆ ಒಳಗೊಳಗೇ ಅಳುಕು ಶುರುವಾಯಿತು. ಕಾಲ ಮೊದಲಿನ ಹಾಗಿಲ್ಲ, ಬೇರೆಯವರನ್ನು ಕೂರಿಸಿಕೊಂಡು ಬೈಬಲ್ ಓದಿದರೆ ಯಾರು ಏನು ಕಥೆ ಕಟ್ಟುತ್ತಾರೋ. ಸಂಗಮೇಶ ಬೈಕ್ ನಿಲ್ಲಿಸುತ್ತಿದ್ದಾಗ ಹೋಗಿ ನೇರವಾಗಿಯೇ ಕೇಳಿದರು:

"ನೋಡಪ್ಪ, ನಿಮ್ಮ ತಾಯಿಯವರು ಬಂದು ಕೂತ್ಕೋತಾರೆ. ನಿಮಗೇನಾದ್ರೂ ಮನಸ್ಸಿಗೆ ಬರದಿದ್ರೆ ಹೇಳ್ಬಿಡಿ, ನಾನು ಬೇಜಾರು ಮಾಡ್ಕೊಳ್ಳಲ್ಲ."

ಸಂಗಮೇಶ ಬಾಯಿ ತೆರೆಯುವ ಮೊದಲೇ ಮೇಲಿನಿಂದ ಉತ್ತರ ಬಂತು. "ಅಂವನ್ನೇನ್ ಕೇಳ್ತೀರಿ? ನನ್ನ ಲಿಂಗ ನನ್ನ ಕೊರಳಾಗ ಐತಿ. ನಾ ಕತಿ ಕೇಳಾಕ ಬರತೀನಿ, ಅಷ್ಟ."

ಸಂಗಮೇಶ ನಕ್ಕ. "ಆಂಟಿ, ನಮ್ಮವ್ವ ಊರಾಗ ಪುರಾಣಕ್ಕ ಮೊದಲನೇ ಸಾಲಿನಾಗ ಕೂಡಾಕಿ. ಇಲ್ಲಿ ಬಂದಮ್ಯಾಲ ಬಾಯಿ ಕಟ್ಟಿದಂಗಾಗಿತ್ತು. ಓದ್ರೀ."

ಹೀಗೆ ಓದು ಸಾಗಿತು. ಒಂದು ದಿನ ಯೇಸು ಇಬ್ಬರು ಅಕ್ಕತಂಗಿಯರ ಮನೆಗೆ ಅತಿಥಿಯಾಗಿ ಹೋದ ಕಥೆ ಬಂತು. ತಂಗಿ ಅವರ ಕಾಲ ಬಳಿ ಕೂತು ಮಾತು ಕೇಳುತ್ತಾಳೆ. ಅಕ್ಕ ಒಬ್ಬಳೇ ಒಳಗೆ ಒದ್ದಾಡುತ್ತಾಳೆ. ನನಗೆ ನೆರವಾಗಲು ಇವಳಿಗೆ ಹೇಳಿ ಎಂದು ಅಕ್ಕ ದೂರಿದರೆ, ತಂಗಿ ಆರಿಸಿಕೊಂಡದ್ದೇ ಒಳ್ಳೆಯದು ಅನ್ನುತ್ತಾರೆ ಯೇಸು.

"ಆಮ್ಯಾಲ?" ಅಂದರು ರೇಣವ್ವ.

"ಆಮೇಲೇನಿಲ್ಲ ರೇಣವ್ವ. ಅಷ್ಟೇ ಕಥೆ."

"ಅಷ್ಟ ಹೆಂಗಾಕ್ಕೈತ್ರೀ? ಅವತ್ತು ಊಟಕ್ಕ ಯಾರು ನೀಡಿದ್ರು?"

ಕೃಪಾವತಿ ಪುಟ ತಿರುವಿದರು. ಮುಂದಿನ ಅಧ್ಯಾಯ ಬೇರೆಯೇ ಮಾತಿನಿಂದ ಶುರುವಾಗುತ್ತಿತ್ತು. ಹುಡುಗಿಯಾಗಿದ್ದಾಗ ಸಂಡೇ ಸ್ಕೂಲಿನಲ್ಲಿ ಇದೇ ಕಥೆ ಒಪ್ಪಿಸಿ ಬಹುಮಾನ ತಗೊಂಡವರು. ಭಾನುವಾರದ ಆರಾಧನೆಯಲ್ಲಿ ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದವರು. ಊಟ ಆಯ್ತೋ ಇಲ್ಲವೋ ಎಂದು ಒಂದು ದಿನವೂ ಅವರಿಗೆ ಹೊಳೆದಿರಲಿಲ್ಲ.

ಆ ಅಕ್ಕ ಆಮೇಲೆ ಏನಾದಳು? ಹುಡುಕಬೇಕು ಅನ್ನಿಸಿತು. ಬೆಳಿಗ್ಗೆ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಅವಳ ಹೆಸರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಓದಿದರು. ಅವಳ ತಮ್ಮ ಸತ್ತಾಗ ದಾರಿಗೆ ಓಡಿಹೋಗಿ ಯೇಸುವನ್ನು ಎದುರುಗೊಂಡವಳು ಅವಳೇ. ತಂಗಿ ಆಗ ಮನೆಯಲ್ಲೇ ಕೂತಿದ್ದಳು. ನೀನೇ ದೇವರ ಮಗ ಎಂದು ಬಾಯಿಬಿಟ್ಟು ಹೇಳಿದವಳೂ ಅವಳೇ. ಅಷ್ಟೆಲ್ಲ ಆಗಿ ಮುಂದಿನ ಔತಣದಲ್ಲಿ ನೋಡಿದರೆ, ಮತ್ತೆ ಬಡಿಸುತ್ತಿದ್ದಳು! ಈ ಸಲ ಯಾರೂ ಅವಳನ್ನು ಬೈದಿರಲಿಲ್ಲ. ಕೃಪಾವತಿ ಕನ್ನಡಕ ತೆಗೆದಿಟ್ಟರು. ಇವಳನ್ನು ಇಷ್ಟು ವರ್ಷ ಗೊಣಗುವ ಹೆಂಗಸು ಎಂದಷ್ಟೇ ತಿಳಿದಿದ್ದೆನಲ್ಲ ಅನ್ನಿಸಿತು.

ವಿಲ್ಸನ್ ಗಾರ್ಡನ್ ಕಡೆಯ ಅವರ ಸಭೆಗೆ, ಅಂದರೆ ಚರ್ಚಿಗೆ, ಜನವರಿಯಲ್ಲಿ ವಾರ್ಷಿಕೋತ್ಸವ. ಅವತ್ತು ಹಿತಕಿದಬೇಳೆ ಸಾರಿನ ಊಟ ಆಗಲೇಬೇಕು, ಅದನ್ನು ಸ್ತ್ರೀಯರ ಸಂಘವೇ ಮಾಡಬೇಕು. ದೇವಾಲಯದ ಹಿಂದಿನ ಅಡುಗೆಮನೆಯಲ್ಲಿ ಹೆಂಗಸರು ನೆನೆಸಿದ ಅವರೆಕಾಳನ್ನು ಹಿಚುಕಿ ಹಿಚುಕಿ ಸಿಪ್ಪೆ ಬಿಡಿಸುವಾಗ ಒಳಗೆ ಪ್ರಸಂಗ ನಡೆಯುತ್ತಿತ್ತು. ಆ ದಿನದ ಪ್ರಸಂಗವನ್ನು ಕೃಪಾವತಿ ಯಾವತ್ತೂ ಪೂರ್ತಿ ಕೇಳಿಸಿಕೊಂಡಿದ್ದಿಲ್ಲ.

ಸಭಾಪಾಲಕ ನವೀನ್ ಸಾಲೋಮೋನ್ ಹೊಸಬರು, ಚಿಕ್ಕ ವಯಸ್ಸು. ಕೃಪಾವತಿ ಹೋಗಿ ಅವರಿಗೆ ರೇಣವ್ವನ ಪ್ರಶ್ನೆಯನ್ನೂ, ವಾರ್ಷಿಕೋತ್ಸವದ ಅಡುಗೆಯಲ್ಲಿ ಹೆಂಗಸರಿಗೆ ಪ್ರಸಂಗ ತಪ್ಪಿಹೋಗುವುದನ್ನೂ ಹೇಳಿದರು. ಅವರು ಗಲ್ಲ ಕೆರೆದುಕೊಂಡರು.

"ಸೆಮಿನರೀಲಿ ಇದನ್ನ ಯಾರೂ ಕೇಳಿರ್ಲಿಲ್ಲ ಅಮ್ಮ. ಈ ವರ್ಷ ಕೇಟರಿಂಗ್ ಹೇಳೋಣ ಬಿಡಿ. ನೀವೆಲ್ಲ ಒಳಗೆ ಕೂತ್ಕೊಳ್ಳಿ."

"ಅದಲ್ಲ ಅಯ್ಯನವರೇ. ನಮ್ಮ ಕೈಯಡುಗೆ ಬಿಡೋಕೆ ನನಗಿಷ್ಟ ಇಲ್ಲ. ಪ್ರಸಂಗಾನೇ ಆಚೆಗೆ ತನ್ನಿ. ಎಲ್ಲರೂ ಕಾಳು ಹಿಚುಕ್ತಾ ಕೇಳೋಣ. ನೀವೂ."

ಹಿರಿಯ ಸಭಾಸದರೊಬ್ಬರು ಇದು ಆರಾಧನೆಗೆ ಅಗೌರವ ಎಂದು ಕೋಪಿಸಿಕೊಂಡರು. ಅದೇನೂ ಸಣ್ಣ ಮಾತಾಗಿರಲಿಲ್ಲ. ಕೃಪಾವತಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಸಭಾಪಾಲಕರೇ ದಾರಿ ಕಂಡುಕೊಂಡರು. ಆರಾಧನೆ, ರೊಟ್ಟಿ ದ್ರಾಕ್ಷಾರಸದ ಪ್ರಭು ಭೋಜನ ಎಂದಿನಂತೆ ಒಳಗೆ. ಪ್ರಸಂಗ ಮಾತ್ರ ಹಿಂದಿನ ಅಂಗಳದಲ್ಲಿ.

ಆ ಭಾನುವಾರ ಶಾಮಿಯಾನದ ಕೆಳಗೆ ಜಮಖಾನ ಹಾಸಿದರು. ನಡುವೆ ಅವರೆಕಾಳಿನ ಬೇಸನ್‌ಗಳು. ಕೋಟು ಹಾಕಿದ ಗಂಡಸರು ಅದರ ತೋಳು ಮೇಲಕ್ಕೆ ಮಡಚಿ ಕೂತರು. ಮೊದಮೊದಲು ಕಾಳು ಬೆರಳಿನಿಂದ ಚಿಮ್ಮಿ ಎಲ್ಲೆಲ್ಲೋ ಹಾರಿತು, ನಗು ಎದ್ದಿತು. ನವೀನ್ ಅಯ್ಯನವರು ಉದ್ದ ಅಂಗಿಯನ್ನು ಮೊಣಕಾಲಿಗೆ ಸುತ್ತಿಕೊಂಡು, ಹಿಚುಕುತ್ತಲೇ ಮಾತಾಡಿದರು. ಆ ಅಕ್ಕನ ಬಗ್ಗೆ ಕೃಪಾವತಿ ಹುಡುಕಿದ್ದನ್ನೆಲ್ಲ ಅವರ ಬಾಯಿಂದಲೇ ಹೇಳಿಸಿದರು. ದೂರವಾಣಿ ಕೇಂದ್ರದ ದನಿಗೆ ಮೈಕ್ ಬೇಕಾಗಲಿಲ್ಲ. ಕೋಪಿಸಿಕೊಂಡ ಹಿರಿಯರು ಅಂಗಳಕ್ಕೆ ಬರಲಿಲ್ಲ. ಆದರೆ ಕಿಟಕಿಯ ಬಳಿಯ ಬೆಂಚಿಗೆ ಬಂದು ಕೂತದ್ದನ್ನು ಕೃಪಾವತಿ ನೋಡಿದರು.

ಊಟಕ್ಕೆ ಕರೆಸಿಕೊಂಡಿದ್ದ ರೇಣವ್ವ ಒಂದು ಮೂಲೆಯಲ್ಲಿ ಎಲ್ಲರಿಗಿಂತ ಬೇಗ ಬೇಗ ಕಾಳು ಬಿಡಿಸುತ್ತಿದ್ದರು. ಸಭೆಯ ಸಾರಿಗೆ ಮಾಂಸವೂ ಬೀಳುತ್ತಿತ್ತು, ಆ ಪಾತ್ರೆಗಳ ಕಡೆಗೆ ಅವರು ಸುಳಿಯಲಿಲ್ಲ. ಅವರಿಗೆಂದು ಕೃಪಾವತಿ ಹೊಸ ಪಾತ್ರೆಯಲ್ಲಿ ಬೇರೆಯಾಗಿಯೇ ಸಾರು ಮಾಡಿದ್ದರು.

ಊಟ ಒಂದು ಗಂಟೆ ತಡವಾಯಿತು. ಸಿಪ್ಪೆ ಪೂರ್ತಿ ಹೋಗಿರಲಿಲ್ಲ, ಸಾರಿಗೆ ಉಪ್ಪು ಒಂದು ಹಿಡಿ ಮುಂದೆಯೇ ಇತ್ತು. ಸಂಘದ ಹೆಂಗಸರು ಆ ದಿನ ಮೊದಲ ಪಂಕ್ತಿಗೇ ಕೂತು ಉಂಡರು.

ವಾಪಸ್ ಬರುವಾಗ ಆಟೋದಲ್ಲಿ ಕೃಪಾವತಿ ತಾವೇ ಮಾತು ತೆಗೆದರು. "ರೇಣವ್ವ, ನಿಮ್ಮೂರ ಪುರಾಣದಲ್ಲಿ ಏನೇನು ಕಥೆ ಹೇಳ್ತಾರೆ? ನನಗೆ ಒಂದೂ ಗೊತ್ತಿಲ್ಲ ನೋಡಿ."

ರೇಣವ್ವ ಸೆರಗು ಸರಿಮಾಡಿಕೊಂಡು ಅವರ ಕಡೆ ತಿರುಗಿ ಕೂತರು.